ಸಂಬಳ ನಮ್ಮ ಶಾಲೆಯ ಲೆಕ್ಕಕ್ಕೆ, ಮಾಸ್ತರು ಕಚೇರಿಯ ಕೆಲಸಕ್ಕೆ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಗುರುಗಳೂ ಸೇರಿ ಆರು ಜನ ಕಾಯಂ ಶಿಕ್ಷಕರಿದ್ದಾರೆ ಅಂತ ಯು-ಡೈಸ್, ಅಂದರೆ ಶಾಲೆಗಳ ಸರ್ಕಾರಿ ಅಂಕಿಅಂಶದ ವರದಿ ಹೇಳುತ್ತಿತ್ತು. ಹೋಗಿ ಎಣಿಸಿದರೆ ಐದೇ ಜನ. ಆರನೆಯವರು ಗಣಿತ-ವಿಜ್ಞಾನದ ಮಾಸ್ತರು. ಅವರೇನೂ ನಾಪತ್ತೆಯಾಗಿರಲಿಲ್ಲ. ತಾಲ್ಲೂಕು ಕೇಂದ್ರದಲ್ಲಿರುವ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದರು. ನನ್ನ ಜೆರಾಕ್ಸ್ ಅಂಗಡಿಯಿಂದ ರಸ್ತೆ ದಾಟಿದರೆ ಆ ಕಚೇರಿ. ನನ್ನ ಮಗಳಿಗೆ ಲ.ಸಾ.ಅ., ಮ.ಸಾ.ಅ. ಕಲಿಸಬೇಕಾದವರು ಮಧ್ಯಾಹ್ನ ನನ್ನ ಅಂಗಡಿಗೇ ಬಂದು ಇಲಾಖೆಯ ಸುತ್ತೋಲೆಗಳ ಪ್ರತಿ ಮಾಡಿಸಿಕೊಂಡು ಹೋಗುತ್ತಿದ್ದರು.

ಇದು 2024ರ ಮಾತು. ಮಗಳು ಆಗ ಆರನೇ ತರಗತಿ. ಊರು ಕಲ್ಯಾಣ ಕರ್ನಾಟಕದ್ದು ಅಂದರೆ ಸಾಕು, ತಾಲ್ಲೂಕಿನ ಹೆಸರು ಬರೆಯುವುದಿಲ್ಲ. ಯಾರ ಮಾನ ತೆಗೆಯುವುದೂ ನನಗೆ ಬೇಕಿಲ್ಲ, ಅದೇ ರಸ್ತೆಯಲ್ಲಿ ದಿನಾ ವ್ಯಾಪಾರ ಮಾಡುವವಳು ನಾನು.

ಆ ಹುದ್ದೆಯ ಹಿಂದೆ ಒಂದು ಕಥೆಯಿದೆ. ಆರು-ಏಳನೇ ತರಗತಿಗೆ ಪದವೀಧರ ಶಿಕ್ಷಕರು ಬೇಕು ಅಂತ ನಮ್ಮ ಶಾಲೆ ವರ್ಷಗಟ್ಟಲೆ ಕಾದಿತ್ತು. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಪರೀಕ್ಷೆ ಆಯಿತು, ಪಟ್ಟಿ ಬಂತು. ಮದುವೆಯಾದ ಹೆಣ್ಣುಮಕ್ಕಳು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಅನ್ನುವ ತಕರಾರು ಹೈಕೋರ್ಟ್‌ಗೆ ಹೋಗಿ ನೇಮಕಾತಿ ನಿಂತಿತು. ಕೊನೆಗೆ 2023ರ ಅಖೈರಿಗೆ ನಮಗೊಬ್ಬ ಮಾಸ್ತರು ಸಿಕ್ಕರು. ಹುಡುಗ ಚುರುಕು, ಬೋರ್ಡಿನ ಮೇಲೆ ಬರೆದರೆ ಮುತ್ತು ಪೋಣಿಸಿದಂತೆ. ಮಕ್ಕಳು ಹಚ್ಚಿಕೊಂಡರು. ಆ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ‘ಸ್ವಲ್ಪ ದಿನ ಕಚೇರಿ ಕೆಲಸ’ ಅಂತ ಕರೆದುಕೊಂಡು ಹೋದವರು, ಹೊಸ ವರ್ಷ ಶುರುವಾದರೂ ಕಳಿಸಲಿಲ್ಲ.

ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಸಭೆಯಲ್ಲಿ ಎದ್ದು ಕೇಳಿದೆ. ಮುಖ್ಯ ಗುರುಗಳು, ‘ಮ್ಯಾಲಿನವರ ಆದೇಶ ಐತ್ರಿ, ನಾ ಏನ್ ಮಾಡ್ಲಿ’ ಅಂದರು. ಹಾಗಾದರೆ ಒಬ್ಬ ಅತಿಥಿ ಶಿಕ್ಷಕರನ್ನಾದರೂ ತರಿಸಿರಿ ಅಂದೆ.

‘ಅತಿಥಿ ಶಿಕ್ಷಕರನ್ನ ಖಾಲಿ ಹುದ್ದೆಗೆ ಕೊಡ್ತಾರವ್ವ. ನಮ್ಮಲ್ಲಿ ಆ ಹುದ್ದೆ ಖಾಲಿ ಇಲ್ಲಲ್ಲ.’

ಈ ಒಂದು ಮಾತಿಗೆ ನಾನು ನಿಂತುಬಿಟ್ಟೆ. ಮಾಸ್ತರಿಲ್ಲ, ಆದರೆ ಹುದ್ದೆ ಖಾಲಿ ಇಲ್ಲ. ಖಾಲಿ ಇಲ್ಲದ ಕಾರಣ ಬದಲಿ ಇಲ್ಲ. ಶಾಲೆಗೆ ಯಾರನ್ನೂ ಹಾಕದೇ ಬಿಟ್ಟಿದ್ದರೆ ಕನಿಷ್ಠ ತಿಂಗಳಿಗೆ ಆಗಿನ ದರದಲ್ಲಿ 10,000 ರೂಪಾಯಿ ಗೌರವಧನದ ಒಬ್ಬ ಅತಿಥಿ ಶಿಕ್ಷಕರು ಬರುತ್ತಿದ್ದರು. ಕಾಯಂ ಶಿಕ್ಷಕರನ್ನು ಕೊಟ್ಟು, ಆಮೇಲೆ ಕರೆದುಕೊಂಡು ಹೋದದ್ದರಿಂದ ಎರಡೂ ಇಲ್ಲದಾಯಿತು.

ಊರಲ್ಲಿ ಮಾತ್ರ ಬೇರೆಯೇ ಗುಸುಗುಸು. ‘ಹೆಡ್‌ಮಾಸ್ತರ ಗ್ರಾಂಟ್ ತಿಂತಾನ’ ಅಂತ. ಹೊಟೇಲಿನ ಕಟ್ಟೆ ಮೇಲೆ ಕೂತವರಿಗೆಲ್ಲ ಆ ಹಣದ ಲೆಕ್ಕ ಬೇಕಿತ್ತು. ಮಾಸ್ತರ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಎರಡನ್ನೂ ನೋಡಿಯೇ ಬಿಡೋಣ ಅನ್ನಿಸಿತು.

ಗ್ರಾಂಟಿನ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭವಾಗಿತ್ತು. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲೆಗೆ ಬಂದ ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ. ಸಭೆಯಲ್ಲಿ ನಗದು ಪುಸ್ತಕ ತೋರಿಸಿರಿ ಅಂದರೆ ತೋರಿಸಲೇಬೇಕು. ಕೇಳುವವರಿಲ್ಲ, ಅಷ್ಟೇ. ನಮ್ಮ ಅಧ್ಯಕ್ಷರು ಒಳ್ಳೆಯವರು, ಆದರೆ ಸಹಿ ಹಾಕುವಾಗ ಕಾಗದ ಯಾವ ಕಡೆ ತಲೆಕೆಳಗಿದೆ ಎಂದೂ ನೋಡುವವರಲ್ಲ.

ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲಿರುತ್ತದೆ. 30 ಮಕ್ಕಳವರೆಗೆ 10,000, ನೂರರವರೆಗೆ 25,000, 101ರಿಂದ 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಾದರೆ ಒಂದು ಲಕ್ಷ. ಅದರಲ್ಲಿ ಕನಿಷ್ಠ ಶೇಕಡ 10ರಷ್ಟು ಸ್ವಚ್ಛತೆಗೆ ಇಡಬೇಕು. ನಮ್ಮಲ್ಲಿ ಮಕ್ಕಳು 180ರ ಆಸುಪಾಸು, ಅಂದರೆ 50,000ದ ಸಾಲು. ಪುಸ್ತಕ ತೆರೆದರೆ ಮೊದಲ ಕಂತು ದೀಪಾವಳಿ ಕಳೆದ ಮೇಲೆ ಬಂದಿತ್ತು, ಎರಡನೆಯದು ಮಾರ್ಚ್ ತಿಂಗಳ ಕೊನೇ ವಾರದಲ್ಲಿ. ಮಾರ್ಚ್ 31 ದಾಟಿದರೆ ಖರ್ಚಾಗದ ಹಣ ಕೈಗೆ ಸಿಗುವುದಿಲ್ಲ ಅನ್ನುವ ಭಯಕ್ಕೆ ಆ ಐದಾರು ದಿನಗಳಲ್ಲಿ ಬಣ್ಣ, ಹಾಜರಿ ಪುಸ್ತಕ, ಬಿಳಿ ಹಾಳೆ ಎಲ್ಲ ಒಟ್ಟಿಗೇ ಖರೀದಿಯಾಗಿದ್ದವು. ಹೊರಗಿನಿಂದ ನೋಡಿದವರಿಗೆ ಇದು ಸುಳ್ಳು ಲೆಕ್ಕದಂತೆಯೇ ಕಾಣುತ್ತದೆ. ಹಣ ಬಂದ ದಿನಾಂಕ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅರ್ಥವಾಗುತ್ತದೆ.

ವೋಚರ್‌ಗಳನ್ನು ಒಂದೊಂದಾಗಿ ತೆಗೆದೆ. ಪೊರಕೆ, ಫಿನಾಯಿಲ್, ಬ್ಲೀಚಿಂಗ್ ಪೌಡರ್. ಬೋರ್ ಮೋಟರ್ ರಿವೈಂಡಿಂಗ್, ಅದರ ಕೂಲಿ ಬೇರೆ. ನಲ್ಲಿಯ ತಿರುಪು. ನನ್ನದೇ ಅಂಗಡಿಯ ಬಿಲ್ಲೂ ಒಂದಿತ್ತು, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದ್ದು, ನನ್ನದೇ ಕೈಬರಹ. ಮೊತ್ತಕ್ಕೆ ಯಾರೂ ಸೊನ್ನೆ ಸೇರಿಸಿರಲಿಲ್ಲ. ಕೊನೆಗೆ ಮುಖ್ಯ ಗುರುಗಳು ಟೇಬಲ್ಲಿನ ಡ್ರಾದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು, ತೋರಿಸಲೋ ಬೇಡವೋ ಅನ್ನುವ ಹಾಗೆ ಹಿಡಿದುಕೊಂಡರು. ಅದು ಯಾವ ಇಲಾಖೆಯ ನಮೂನೆಯೂ ಅಲ್ಲ. ತಮ್ಮ ಕೈಯಿಂದ ಹಾಕಿದ ಹಣದ ಲೆಕ್ಕ. ಮಕ್ಕಳ ಮೊಟ್ಟೆಗೆ ಆಗ ಕೊಡುತ್ತಿದ್ದದ್ದು ಒಂದಕ್ಕೆ 6 ರೂಪಾಯಿ. ಸಾಗಣೆ, ಉರುವಲು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯಲ್ಲಿ ದರ ಏರಿದ ವಾರಗಳಲ್ಲಿ ಮೇಲಿನ ಹಣ ಇವರ ಕಿಸೆಯದು. ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬಲು ಮೊಬೈಲ್ ಡೇಟಾ ರೀಚಾರ್ಜ್, ಅದೂ ಇವರದೇ.

‘ಇದನ್ನ ಊರಾಗ ಹೇಳಬ್ಯಾಡವ್ವ, ನಗತಾರ’ ಅಂದರು. ನಾನು ಹೇಳಿದೆ. ಹೊಟೇಲಿನ ಕಟ್ಟೆಯಲ್ಲಿ ಯಾರೂ ನಗಲಿಲ್ಲ, ಯಾರೂ ಪೂರ್ತಿ ನಂಬಲೂ ಇಲ್ಲ.

ನನಗೆ ಹೊಳೆದದ್ದು ಇನ್ನೊಂದು. ಈ 50,000 ರೂಪಾಯಿ ಒಬ್ಬ ಕಾಯಂ ಶಿಕ್ಷಕರ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳಕ್ಕೆ ಸರಿ. 2024-25ರ ರಾಜ್ಯ ಬಜೆಟ್ 3,71,383 ಕೋಟಿ, ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. ಶಿಕ್ಷಣದ ಆ ಹಣದ ಬಹುಪಾಲು ಹೋಗುವುದು ಸಂಬಳಕ್ಕೇ. ಹಾಗಾದರೆ ಸರ್ಕಾರ ನಮ್ಮ ಶಾಲೆಯ ಮೇಲೆ ಮಾಡುವ ದೊಡ್ಡ ಖರ್ಚು ಪೊರಕೆ, ಫಿನಾಯಿಲ್ ಅಲ್ಲ. ನಮ್ಮ ಶಾಲೆಯ ಹೆಸರಲ್ಲಿ ತಿಂಗಳಾ ತಿಂಗಳಾ ಸೆಳೆಯುವ ಸಂಬಳ. ಅದರಲ್ಲಿ ಒಂದು ಸಂಬಳದ ಕೆಲಸ ನಮ್ಮ ಶಾಲೆಯಲ್ಲಿ ನಡೆಯುತ್ತಲೇ ಇರಲಿಲ್ಲ. ಪೊರಕೆಯ ಬಿಲ್ಲು ಹಿಡಿದು ಜಗಳಕ್ಕೆ ನಿಂತ ಊರಿಗೆ ಲಕ್ಷಗಟ್ಟಲೆಯ ಈ ಬಾಬತ್ತು ಕಣ್ಣಿಗೇ ಬಿದ್ದಿರಲಿಲ್ಲ.

ಹೀಗಾಗಿ ಮಾಹಿತಿ ಹಕ್ಕಿನ ಅರ್ಜಿ ಪೂರ್ತಿ ಮಾಸ್ತರ ಹುದ್ದೆಯ ಮೇಲೆ.

ನನ್ನ ಅಂಗಡಿಯಲ್ಲಿ ಇಂಥ ಅರ್ಜಿ ಟೈಪ್ ಮಾಡಿಸಲು ಬರುವವರು ಬಹಳ. ಹತ್ತರಲ್ಲಿ ಎಂಟು ಅರ್ಜಿ ಕೆಡುವುದು ಒಂದೇ ಜಾಗದಲ್ಲಿ: ‘ಯಾಕೆ’ ಅಂತ ಕೇಳುತ್ತಾರೆ. ನಮ್ಮ ಶಾಲೆಗೆ ಯಾಕೆ ಶಿಕ್ಷಕರನ್ನು ಕೊಟ್ಟಿಲ್ಲ, ರಸ್ತೆ ಯಾಕೆ ಕಿತ್ತು ಹೋಗಿದೆ. ಕಚೇರಿಯವರು ಒಂದು ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ: ‘ಪ್ರಶ್ನಾರ್ಥಕ ಮಾಹಿತಿ ನೀಡಲು ಅವಕಾಶವಿರುವುದಿಲ್ಲ.’ ಕಾಯ್ದೆಯ ಲೆಕ್ಕದಲ್ಲಿ ಮಾಹಿತಿ ಅಂದರೆ ಕಚೇರಿಯ ಕಪಾಟಿನಲ್ಲಿ ಈಗಾಗಲೇ ಇರುವ ಕಾಗದ. ಕಾರಣ, ವಿವರಣೆ, ಸಮಜಾಯಿಷಿ ಯಾವುದೂ ಅಲ್ಲ. ಆದ್ದರಿಂದ ಅನುಮಾನ ಏನೇ ಇರಲಿ, ಆ ಅನುಮಾನಕ್ಕೆ ಉತ್ತರ ಇರುವ ಕಾಗದಕ್ಕೆ ಕಚೇರಿಯಲ್ಲಿ ಏನು ಹೆಸರು ಅನ್ನುವುದು ಗೊತ್ತಿರಬೇಕು. ಆ ಹೆಸರು ಹೇಳಿಕೊಡುವವರು ನಿವೃತ್ತ ಗುಮಾಸ್ತರು. ನನ್ನ ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದಲು ಬರುವ ಒಬ್ಬ ಹಿರಿಯರು ಮೂವತ್ತು ವರ್ಷ ಇಂಥದ್ದೇ ಕಚೇರಿಯಲ್ಲಿ ಕೆಲಸ ಮಾಡಿದವರು. ‘ಏನೇನ್ ಕೇಳ್ಬೇಕು ಕಾಕಾ?’ ಅಂದೆ. ಪೇಪರ್‌ನಿಂದ ಕಣ್ಣು ತೆಗೆಯದೆ ಹೇಳಿದರು.

ಕೇಳಿದ್ದು ನಾಲ್ಕು ಕಾಗದ. ನಮ್ಮ ಶಾಲೆಯ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ತಃಖ್ತೆಯ (ಪಟ್ಟಿಯ) ಪ್ರತಿ. ಗಣಿತ-ವಿಜ್ಞಾನ ಪದವೀಧರ ಶಿಕ್ಷಕರ ಹುದ್ದೆಯಲ್ಲಿರುವವರನ್ನು ನಿಯೋಜಿಸಿದ ಆದೇಶದ ದೃಢೀಕೃತ ಪ್ರತಿ. ಆ ಅವಧಿಯ ವೇತನ ಬಿಲ್ಲಿನಲ್ಲಿ ಆ ಹುದ್ದೆ ಯಾವ ಶಾಲೆಯ ಹೆಸರಿನಲ್ಲಿದೆ ಎಂದು ತೋರಿಸುವ ಪುಟ. ಆ ವರ್ಷ ತಾಲ್ಲೂಕಿನ ಶಾಲೆಗಳಿಗೆ ಅತಿಥಿ ಶಿಕ್ಷಕರನ್ನು ಹಂಚಿದ ಪಟ್ಟಿ. ಮಾಸ್ತರ ಹೆಸರು ಎಲ್ಲೂ ಬರೆಯಲಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ಅದಕ್ಕೆ ಮೀರದ ಹಾಗೆ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. (ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲೇ, ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಹೆಮ್ಮೆಯ ವಿಷಯವೇ. ಪದಗಳನ್ನು ಎಣಿಸುವ ನಿಯಮ ತಂದದ್ದೂ ಇದೇ ಕರ್ನಾಟಕ.)

ಅರ್ಜಿಯನ್ನು ಅಂಚೆಗೆ ಹಾಕಬಹುದಿತ್ತು. ಎದುರಿಗೇ ಕಚೇರಿ, ಕೈಯಲ್ಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳೋಣ ಅಂತ ಹೋದೆ. ಆವಕ ವಿಭಾಗದ ಹುಡುಗಿ ನನಗೆ ಪರಿಚಯದವಳೇ. ಓದಿ ತಲೆ ಎತ್ತಿದಳು.

‘ಅಕ್ಕಾರ, ಇದಕ್ಯಾಕ ಅರ್ಜಿ? ಬಾಯ್ಲೇ ಕೇಳಿದ್ರ ನಾವ್ ಹೇಳಂಗಿಲ್ಲೇನು?’

‘ಬಾಯ್ಲೇ ಹೇಳಿದ್ದನ್ನ ಸಭಾದಾಗ ಓದಾಕ ಬರಂಗಿಲ್ಲಲ್ಲವಾ, ಸಿಕ್ಕಾ ಹಾಕು.’

ಸಿಕ್ಕಾ ಬಿತ್ತು. ಸಂಜೆಯೊಳಗೆ ಅರ್ಜಿಯ ಸುದ್ದಿ ಊರು ಮುಟ್ಟಿತು. ನನ್ನ ಗಂಡನಿಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ, ‘ನಿಮ್ಮ ಮನಿಯವ್ರು ಭಾಳ ಶ್ಯಾಣ್ಯಾ ಆಗ್ಯಾರಂತ’ ಅಂದರಂತೆ. ಅವರು ಅದಕ್ಕೆ, ‘ಮೊದಲಿಂದಾನ ಅದಾರ’ ಅಂದು ಬಂದರು.

ಎರಡು ದಿನ ಬಿಟ್ಟು ಮಾಸ್ತರೇ ಅಂಗಡಿಗೆ ಬಂದರು, ಜೆರಾಕ್ಸ್‌ಗೆ ಏನೂ ತಂದಿರಲಿಲ್ಲ. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ. ‘ಮೇಡಂ, ನಾನಾಗಿ ಕೇಳಿ ಬಂದಿದ್ದಲ್ರಿ ಇದು’ ಅಂದರು. ಕಚೇರಿಯಲ್ಲಿ ಗುಮಾಸ್ತರ ಹುದ್ದೆಗಳು ವರ್ಷಗಳಿಂದ ಖಾಲಿ. ಶಿಕ್ಷಕರ ಸಂಬಳದ ಎಚ್‌ಆರ್‌ಎಂಎಸ್ ಅಂತೆ, ಯು-ಡೈಸ್ ಅಂತೆ, ಎಸ್‌ಎಟಿಎಸ್ ಅಂತೆ, ವಿದ್ಯಾರ್ಥಿ ವೇತನ ಅಂತೆ. ಬೆಂಗಳೂರಿನಿಂದ ಬೆಳಿಗ್ಗೆ ಗೂಗಲ್ ಶೀಟ್ ಬಂದರೆ ಸಂಜೆಗೆ ತುಂಬಿರಬೇಕು. ತುಂಬುವವರು ಯಾರು? ಕಂಪ್ಯೂಟರ್ ಬರುವ ಹೊಸ ಶಿಕ್ಷಕರು. ‘ನಾ ಕಂಪ್ಯೂಟರ್ ಬರಂಗಿಲ್ಲ ಅಂದಿದ್ರ ಇವತ್ತು ಕ್ಲಾಸ್‌ನಾಗ ಇರ್ತಿದ್ದೆ’ ಅಂದು ನಕ್ಕರು. ಆ ನಗು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಮಾತು ಸುಳ್ಳಲ್ಲ.

ಅಲ್ಲಿಗೆ ನನಗೆ ವಿಷಯದ ಬುಡ ಕಂಡಿತು. ಖಾಲಿ ಇದ್ದದ್ದು ಕಚೇರಿಯ ಗುಮಾಸ್ತರ ಕುರ್ಚಿ. ಅದನ್ನು ತುಂಬಲು ನಮ್ಮ ಶಾಲೆಯ ಕುರ್ಚಿ ಎತ್ತಿದರು. ಕಚೇರಿಯ ಖಾಲಿ ಹುದ್ದೆ ಇಲಾಖೆಯ ಲೆಕ್ಕದಲ್ಲಿ ಇದೆ, ನೇಮಕಾತಿ ಮಾಡಿ ಅಂತ ಯಾರಾದರೂ ಕೇಳಬಹುದು. ನಮ್ಮ ಶಾಲೆಯದು ಯಾವ ಲೆಕ್ಕದಲ್ಲೂ ಇಲ್ಲ. ಗುಮಾಸ್ತರಿಲ್ಲದಿದ್ದರೆ ಸಂಬಳದ ಬಿಲ್ಲು ನಿಂತು ಸಾವಿರ ಜನ ಶಿಕ್ಷಕರು ಕೂಗಾಡುತ್ತಾರೆ. ಹಳ್ಳಿ ಶಾಲೆಯಲ್ಲಿ ಗಣಿತ ನಿಂತರೆ ಕೂಗಾಡುವವರು ಯಾರು? ಹನ್ನೊಂದು ವರ್ಷದ ಮಕ್ಕಳಿಗೆ ಗಣಿತದ ಪಿರಿಯಡ್ ಬಿಟ್ಟರೆ ಖುಷಿಯೇ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ವಿನಾಯಿತಿ ಇರುವುದು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೇ. ಗೂಗಲ್ ಶೀಟ್ ಆ ಪಟ್ಟಿಯಲ್ಲಿಲ್ಲ.

30 ದಿನದ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು. ಅತಿಥಿ ಶಿಕ್ಷಕರ ಪಟ್ಟಿ ಕೊಟ್ಟಿದ್ದರು. ಉಳಿದದ್ದಕ್ಕೆ ಒಂದೇ ಸಾಲು: ‘ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 8(1)(ಜೆ) ಅಡಿಯಲ್ಲಿ ನೀಡಲು ಬರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ಮಂಜೂರಾದ ಹುದ್ದೆಗಳ ಪಟ್ಟಿ ಯಾವ ಮೂರನೇ ವ್ಯಕ್ತಿಯ ಸ್ವಂತ ವಿಷಯವೋ ದೇವರಿಗೇ ಗೊತ್ತು.

ಇಲ್ಲಿಗೆ ಬಿಡುವವರೇ ಹೆಚ್ಚು. ಹಿಂಬರಹದಲ್ಲಿ ಕಲಂ ನಂಬರ್ ಕಂಡ ಕೂಡಲೇ ಅದು ಕೋರ್ಟಿನ ತೀರ್ಪು ಅಂದುಕೊಳ್ಳುತ್ತಾರೆ. 19(1)ರ ಅಡಿ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಕರ್ನಾಟಕದಲ್ಲಿ ಅದಕ್ಕೆ ಶುಲ್ಕವೂ ಇಲ್ಲ. ನಾನು ಬರೆದದ್ದು ಚಿಕ್ಕದು. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿ-ನೌಕರರ ಮಾಸಿಕ ವೇತನವನ್ನು ಯಾರೂ ಕೇಳದಿದ್ದರೂ ತಾನಾಗಿ ಪ್ರಕಟಿಸಬೇಕು ಅಂತ ಅದೇ ಕಾಯ್ದೆಯ 4(1)(ಬಿ) ಕಲಮಿನ ಹತ್ತನೇ ಬಾಬು ಹೇಳುತ್ತದೆ. ಕೇಳದೆಯೇ ಹೇಳಬೇಕಾದದ್ದು ಕೇಳಿದಾಗ ಗುಟ್ಟು ಹೇಗಾಗುತ್ತದೆ?

ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ, ಉಪನಿರ್ದೇಶಕರ ಕೊಠಡಿಯಲ್ಲಿ. ನೋಟಿಸಿನಲ್ಲಿ ಬೆಳಿಗ್ಗೆ 11 ಅಂತಿತ್ತು, ಸಾಹೇಬರು ವಿಡಿಯೊ ಕಾನ್ಫರೆನ್ಸಿನಲ್ಲಿದ್ದರು. ಕರೆದಾಗ ಊಟದ ಹೊತ್ತು ಮೀರಿತ್ತು. ನಮ್ಮ ತಾಲ್ಲೂಕು ಕಚೇರಿಯಿಂದ ವ್ಯವಸ್ಥಾಪಕರು ಕಡತ ಹಿಡಿದು ಬಂದಿದ್ದರು. ‘ಶಿಕ್ಷಕರ ಸೇವಾ ವಿವರ ಕೇಳ್ಯಾರ ಸರ್, ಹೆಂಗ್ ಕೊಡಾಕ ಬರ್ತದ?’ ಅಂದರು.

‘ಸೇವಾ ಪುಸ್ತಕ ಕೇಳಿಲ್ರಿ ಸರ್. ಅವರ ಊರು, ಜಾತಿ, ಆಸ್ತಿ, ಸಾಲ ಏನೂ ಕೇಳಿಲ್ಲ. ಹೆಸರು ಸುದ್ದಾ ಬರದಿಲ್ಲ. ನಮ್ಮ ಶಾಲಿ ಹುದ್ದೆ ಎಲ್ಲಿ ಹೋಗೇದ ಅಂತ ತೋರಿಸೋ ಆದೇಶ ಕೇಳೀನಿ’ ಅಂದೆ. ಮೇಲ್ಮನವಿಯ ಪ್ರತಿಯಲ್ಲಿ ಆ ಹತ್ತನೇ ಬಾಬಿಗೆ ಅಡಿಗೆರೆ ಎಳೆದಿದ್ದೆ. ಸಾಹೇಬರು ಕನ್ನಡಕ ಮೇಲೇರಿಸಿ ಓದಿದರು.

‘ವಕೀಲರೇನಮ್ಮ ನೀವು?’

‘ಜೆರಾಕ್ಸ್ ಅಂಗಡಿ ಐತ್ರಿ ಸರ್.’

ವ್ಯವಸ್ಥಾಪಕರ ಕಡೆ ತಿರುಗಿ, ‘ಕೊಟ್ಟುಬಿಡ್ರಿ, ಆಯೋಗದ ತನಕ ಯಾಕ ಎಳೀತೀರಿ’ ಅಂದರು. ಆ ಮಾತಿನ ತೂಕ ವ್ಯವಸ್ಥಾಪಕರಿಗೆ ಗೊತ್ತು. ನಮ್ಮ ಭಾಗದ ಎರಡನೇ ಮೇಲ್ಮನವಿ ಹೋಗುವುದು ಮಾಹಿತಿ ಆಯೋಗದ ಕಲಬುರಗಿ ಪೀಠಕ್ಕೆ. ಅಲ್ಲಿ ತಪ್ಪು ಸಾಬೀತಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಅಧಿಕಾರಿಯ ಸ್ವಂತ ಕಿಸೆಯಿಂದ. ಸರದಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದು ಬೇರೆ ಮಾತು.

ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ಪುಟಕ್ಕೆ 2 ರೂಪಾಯಿ ಶುಲ್ಕವನ್ನೂ ಕೇಳುವಂತಿಲ್ಲ. ಪುಕ್ಕಟೆ ಬಂದ ಆ ಕಾಗದಗಳನ್ನು ಅಂಗಡಿಯ ಗಾಜಿನ ಮೇಲೆ ಹರಡಿಕೊಂಡು ಓದಿದೆ. ತಃಖ್ತೆಯಲ್ಲಿ ನಮ್ಮ ಶಾಲೆ: ಮಂಜೂರು 7, ಭರ್ತಿ 6, ಖಾಲಿ 1. ಆ ಒಂದು ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಮೊದಲೇ ಬಂದಿದ್ದರು. ವೇತನ ಬಿಲ್ಲಿನಲ್ಲಿ ಗಣಿತದ ಹುದ್ದೆ ನಮ್ಮ ಶಾಲೆಯ ಹೆಸರಿನಲ್ಲೇ. ಇನ್ನು ನಿಯೋಜನೆ ಆದೇಶ. ‘ಕಚೇರಿ ಕೆಲಸದ ಹಿತದೃಷ್ಟಿಯಿಂದ’, ‘ಮುಂದಿನ ಆದೇಶದವರೆಗೆ’, ಕೊನೆಗೆ ‘ಸದರಿಯವರ ವೇತನವನ್ನು ಮೂಲ ಶಾಲೆಯಿಂದಲೇ ಸೆಳೆಯತಕ್ಕದ್ದು’. ಮುಗಿಯುವ ದಿನಾಂಕವೇ ಇಲ್ಲ. ಅದು ನಮ್ಮ ಮಾಸ್ತರೊಬ್ಬರ ಆದೇಶವೂ ಆಗಿರಲಿಲ್ಲ. ಕೆಳಗಿನ ಕೋಷ್ಟಕದಲ್ಲಿ ಪುಟ ತುಂಬ ಹೆಸರು, ಪ್ರತಿ ಹೆಸರಿನ ಮುಂದೆ ಒಂದೊಂದು ಹಳ್ಳಿ.

ಬೆಂಚಿನ ಮೇಲಿನ ಕಾಕಾ ಅದನ್ನು ತಿರುವಿ ನೋಡಿ ಅಂದರು: ‘ನಮ್ಮ ಕಾಲಕ್ಕ ಇಷ್ಟ್ ಮಂದಿ ಇದ್ದಿಲ್ಲ. ಕಂಪ್ಯೂಟರ್ ಬಂದ ಮ್ಯಾಲೆ ಕೆಲಸ ಹಗುರ ಆಗ್ತದ ಅಂದಿದ್ರು.’

ಆ ಪ್ರತಿಗಳನ್ನಿಟ್ಟು ಎಸ್‌ಡಿಎಂಸಿಯಲ್ಲಿ ಠರಾವು ಮಾಡಿದೆವು. ಮಾಸ್ತರನ್ನು ಮರಳಿ ಕಳಿಸಿರಿ, ಇಲ್ಲವಾದರೆ ಹುದ್ದೆ ಖಾಲಿ ಎಂದು ತೋರಿಸಿ ಅತಿಥಿ ಶಿಕ್ಷಕರನ್ನು ಕೊಡಿರಿ, ಎರಡರಲ್ಲಿ ಒಂದು. ಅಧ್ಯಕ್ಷರು ಸಹಿ ಹಾಕುವ ಮೊದಲು ಈ ಸಲ ಪೂರ್ತಿ ಓದಿಸಿಕೊಂಡು ಕೇಳಿದರು. ಉಪನಿರ್ದೇಶಕರಿಗೆ, ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ, ಶಾಸಕರಿಗೆ ಒಂದೊಂದು ಪ್ರತಿ. ಆ ಶೈಕ್ಷಣಿಕ ವರ್ಷವೆಲ್ಲ ಏನೂ ಆಗಲಿಲ್ಲ. ಮಗಳಿಗೆ ನಾನೇ ರಾತ್ರಿ ಭಿನ್ನರಾಶಿ ಹೇಳಿಕೊಟ್ಟೆ. 2025ರ ಜೂನ್‌ನಲ್ಲಿ ಶಾಲೆ ಶುರುವಾದಾಗ ಮಾಸ್ತರು ಬಂದರು. ಯಾವ ಪತ್ರ ಕೆಲಸ ಮಾಡಿತೋ, ಹೊಸ ಸುತ್ತೋಲೆ ಕೆಲಸ ಮಾಡಿತೋ ಯಾರೂ ಹೇಳಲಿಲ್ಲ. ಇಲಾಖೆ ಯಾವತ್ತೂ ‘ನೀವು ಕೇಳಿದ್ದಕ್ಕೆ’ ಅಂತ ಬರೆದುಕೊಡುವುದಿಲ್ಲ.

ಅದೇ ತಿಂಗಳು ಕಚೇರಿಯ ಕಂಪ್ಯೂಟರ್ ಮುಂದೆ ಹೊಸ ಮುಖ ಕಂಡಿತು. ಕಾಲುವೆಯಾಚೆಯ ಇನ್ನೊಂದು ಹಳ್ಳಿಯ ಇಂಗ್ಲಿಷ್ ಮೇಡಂ. ಅತಿಥಿ ಶಿಕ್ಷಕರ ಗೌರವಧನ ಆ ವರ್ಷದ ಬಜೆಟ್‌ನಲ್ಲಿ 2,000 ಏರಿತ್ತು. ಆ ಹಳ್ಳಿಗೆ ಅದರಿಂದ ಉಪಯೋಗವೇನು, ಅಲ್ಲಿ ಹುದ್ದೆ ಖಾಲಿ ಇಲ್ಲವಲ್ಲ.

ಆಗ ಎರಡನೇ ಅರ್ಜಿ ಹಾಕಿದೆ, ಈ ಬಾರಿ ಶಾಲೆಯ ಬಗ್ಗೆ ಅಲ್ಲ. ಆ ಕಚೇರಿಯಲ್ಲೇ ಮಂಜೂರಾದ ಗುಮಾಸ್ತರು, ಬೆರಳಚ್ಚುಗಾರರು, ಡಿ ಗ್ರೂಪ್ ಎಷ್ಟು, ಭರ್ತಿ ಎಷ್ಟು, ಯಾವತ್ತಿನಿಂದ ಖಾಲಿ. ಉತ್ತರ ಗಡುವಿಗೆ ಬಹಳ ಮೊದಲೇ ಬಂತು. ಯಾವ ಕಲಮೂ ಇಲ್ಲ, ಯಾವ ಮೂರನೇ ವ್ಯಕ್ತಿಯೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಖಾಲಿ. ಮೊದಲ ಸಲ ಮುಖ ಗಂಟಿಕ್ಕಿದ್ದ ವ್ಯವಸ್ಥಾಪಕರು ತಾವೇ ಅಂಗಡಿಗೆ ಬಂದು ಕೊಟ್ಟು, ‘ಇದನ್ನ ಬೆಂಗಳೂರಿಗೂ ಕಳಸ್ರಿ ಅಕ್ಕಾರ’ ಅಂದರು. ಚಹಾ ತರಿಸಿದೆ, ಕುಡಿದು ಹೋದರು.

ವೈಯಕ್ತಿಕ ಮಾಹಿತಿ ಅಂತ ನಿರಾಕರಿಸಲು ಬಳಸುವ ಆ 8(1)(ಜೆ) ಕಲಂ 2025ರ ನವೆಂಬರ್‌ನಿಂದ ಬದಲಾಗಿದೆ, ಅರ್ಜಿ ಬರೆಯುವವರಿಗೆ ಇದು ಗೊತ್ತಿರಲಿ. ದತ್ತಾಂಶ ರಕ್ಷಣೆಯ ಕಾಯ್ದೆ ಅದಕ್ಕೆ ತಿದ್ದುಪಡಿ ತಂದಿತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಸಾಲು ಈಗ ಇಲ್ಲ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಉಳಿದಿದೆ, ವೇತನ ತಾನಾಗಿ ಪ್ರಕಟಿಸಬೇಕೆಂಬ ನಾಲ್ಕನೇ ಕಲಮೂ ಉಳಿದಿದೆ. ನನ್ನ ಅಂಗಡಿಯಲ್ಲಿ ಟೈಪ್ ಆಗುವ ಅರ್ಜಿಗಳಲ್ಲಿ ಈಗ ಯಾರ ಹೆಸರನ್ನೂ ಹಾಕುವುದಿಲ್ಲ, ಹುದ್ದೆಯನ್ನಷ್ಟೇ ಕೇಳುತ್ತೇವೆ.

ಆ ನಿಯೋಜನೆ ಪಟ್ಟಿಯನ್ನೂ ಕಚೇರಿಯ ಖಾಲಿ ಹುದ್ದೆಗಳ ಪಟ್ಟಿಯನ್ನೂ ಒಟ್ಟಿಗೆ ಪಿನ್ ಹಾಕಿ ಶಾಸಕರ ಮನೆಗೆ ಹೋದೆ. ಅವರ ಆಪ್ತ ಸಹಾಯಕರು, ‘ಪ್ರಶ್ನೆ ಮಾಡಿ ಕೊಡ್ರಿ, ಸಣ್ಣದಿರ್ಲಿ, ಸದನದಾಗ ಹಾಕ್ಸೋಣ’ ಅಂದರು. ಅಲ್ಲೇ ಕೂತು ಬರೆದೆ. ‘(ಅ) ಮೂಲ ಶಾಲೆಯಿಂದ ವೇತನ ಪಡೆಯುತ್ತಾ ಶಿಕ್ಷಣ ಇಲಾಖೆಯ ಕಚೇರಿಗಳಲ್ಲಿ ನಿಯೋಜನೆ ಮೇಲೆ ಕೆಲಸ ಮಾಡುತ್ತಿರುವ ಶಿಕ್ಷಕರ ಸಂಖ್ಯೆ ಎಷ್ಟು (ತಾಲ್ಲೂಕುವಾರು ವಿವರ ನೀಡುವುದು), (ಆ) ಸದರಿ ಕಚೇರಿಗಳಲ್ಲಿ ಖಾಲಿ ಇರುವ ಗುಮಾಸ್ತರ ಹುದ್ದೆಗಳೆಷ್ಟು?’

ಬೆಳಗಾವಿ ಅಧಿವೇಶನದಲ್ಲಿ ಅದು ಬರಲಿಲ್ಲ. ಮುಂದಿನದಕ್ಕೆ ಹಾಕಿಸುತ್ತೇವೆ ಅಂದಿದ್ದಾರೆ. ಕಾಲುವೆಯಾಚೆಯ ಊರಿನ ಎಸ್‌ಡಿಎಂಸಿಯವರಿಗೂ ಒಂದು ಪ್ರತಿ ಕೊಟ್ಟಿದ್ದೇನೆ.